ಕುದುರೆ ರೇಸ್‌ನಲ್ಲಿ ಹೆಚ್ಚಿನವರು ಕಳೆದುಕೊಳ್ಳುತ್ತಾರೆ. ಹಾಗಾದರೆ ಆಸ್ಟ್ರೇಲಿಯಾದ ಬೆಟ್ಟಿಂಗ್ ಆಟಗಾರ ಅಲನ್ ವುಡ್ಸ್ ಹೇಗೆ ಗೆದ್ದರು?

ಯಾವ ಕುದುರೆ ಗೆಲ್ಲುತ್ತದೆ ಎಂದು ಅವರು ಹುಡುಕುತ್ತಿರಲಿಲ್ಲ. ಯಾವ ಕುದುರೆಯ ಮೇಲೆ ಜನ ಅದರ ಗೆಲುವಿನ ಸಾಧ್ಯತೆಗಿಂತ ಕಡಿಮೆ ದುಡ್ಡು ಹಾಕಿದ್ದಾರೆ ಎಂದು ಹುಡುಕುತ್ತಿದ್ದರು.

ಟೋಟ್ ಪದ್ಧತಿಯಲ್ಲಿ ಎಲ್ಲರ ದುಡ್ಡೂ ಒಂದೇ ಗಂಟಿಗೆ ಬೀಳುತ್ತದೆ. ರೇಸ್ ನಡೆಸುವ ಕ್ಲಬ್ ಮತ್ತು ಸರ್ಕಾರದ ಪಾಲು ಹೋಗಿ ಉಳಿದದ್ದು ಗೆದ್ದವರಿಗೆ. ಅಂದರೆ ನಿಮ್ಮ ಎದುರಾಳಿ ಕ್ಲಬ್ ಅಲ್ಲ, ಪಕ್ಕದಲ್ಲಿ ನಿಂತು ಬೆಟ್ ಕಟ್ಟುವವನೇ! ಒಂದು ಕುದುರೆ ಐದರಲ್ಲಿ ಒಂದು ಸಲ ಗೆಲ್ಲಬಹುದು ಅನ್ನಿ. ಟೋಟ್ 100ಕ್ಕೆ 700 ಕೊಡುತ್ತಿದ್ದರೆ, ಅಂಥ ಐದು ಬೆಟ್‌ಗೆ 500 ಹಾಕಿ ಸರಾಸರಿ 700 ಪಡೆಯಬಹುದು. ನಾಲ್ಕು ಸಲ ಸೋತರೂ ಲಾಭವೇ. 400 ಮಾತ್ರ ಕೊಡುತ್ತಿದ್ದರೆ ಅದೇ ಕುದುರೆ ನಷ್ಟದ ಬಾಬ್ತು.

ವುಡ್ಸ್ ಮೊದಲು ಕ್ಯಾಸಿನೊಗಳಲ್ಲಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟ್ ಆಟದಲ್ಲಿ ಎಲೆ ಎಣಿಸಿ ಗೆಲ್ಲುತ್ತಿದ್ದವರು. 1980ರ ದಶಕದಲ್ಲಿ ಅಮೆರಿಕದ ಇನ್ನೊಬ್ಬ ಬೆಟ್ಟಿಂಗ್ ಆಟಗಾರ ಬಿಲ್ ಬೆಂಟರ್ ಜೊತೆ ಹಾಂಕಾಂಗ್‌ಗೆ ಬಂದು, ಗೆಲುವಿನ ಸಾಧ್ಯತೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕತೊಡಗಿದರು. ಹಾಂಕಾಂಗೇ ಯಾಕೆ? ಅಲ್ಲಿ ಇದ್ದದ್ದು ಎರಡೇ ಮೈದಾನ, ಹ್ಯಾಪಿ ವ್ಯಾಲಿ ಮತ್ತು ಶಾ ಟಿನ್. ಅವೇ ಕುದುರೆಗಳು ಮತ್ತೆ ಮತ್ತೆ ಓಡುವುದರಿಂದ ಲೆಕ್ಕಕ್ಕೆ ಒಳ್ಳೆಯ ಮಾಹಿತಿ ಸಿಗುತ್ತಿತ್ತು. ಬೆಟ್ಟಿಂಗ್ ಗಂಟೂ ಭಾರಿ ದೊಡ್ಡದು. ಗಂಟು ಚಿಕ್ಕದಿದ್ದರೆ ನಿಮ್ಮ ದೊಡ್ಡ ಬೆಟ್ಟೇ ಗೆದ್ದಾಗ ಸಿಗುವ ದರ ಇಳಿಸಿಬಿಡುತ್ತದೆ, ಅಲ್ವಾ?

ವುಡ್ಸ್ 2008ರಲ್ಲಿ ತೀರಿಕೊಂಡರು. ಆರಂಭದ ವರ್ಷಗಳಲ್ಲಿ ಈ ಲೆಕ್ಕ ಅವರಿಗೂ ಕೈಕೊಟ್ಟಿತ್ತು. ಸುಮ್ನೆ ಟಿಪ್ ಕೇಳಿ ಆಡುವವರಿಗಂತೂ ಕ್ಲಬ್‌ನ ಪಾಲನ್ನು ದಾಟುವುದೇ ಕಷ್ಟ.