‘ಇಲ್ಲಿ ಎಲ್ಲರೂ ನನ್ನವರೇ ಅಂದುಕೊಂಡಿದ್ದೆ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅಮೆರಿಕದ ದಕ್ಷಿಣ ಭಾಗದ ಒಂದು ವಿಶ್ವವಿದ್ಯಾಲಯ. ಕಪ್ಪು ಜನರ ಮಕ್ಕಳನ್ನು ಬಿಳಿಯರ ಕಾಲೇಜುಗಳು ಬಾಗಿಲಲ್ಲೇ ತಡೆಯುತ್ತಿದ್ದ ಕಾಲದಲ್ಲಿ ಅವರಿಗಾಗಿಯೇ ಹುಟ್ಟಿದ್ದು. 1964ಕ್ಕೆ ಮೊದಲು ಹೀಗೆ ಶುರುವಾದ ಸುಮಾರು 100 ಸಂಸ್ಥೆಗಳು ಆ ದೇಶದಲ್ಲಿ ಇನ್ನೂ ನಡೆಯುತ್ತಿವೆ.

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವಳು ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿನಿ. ನಿದ್ದೆ ಬರುತ್ತಿಲ್ಲ, ಕ್ಲಾಸು ತಪ್ಪುತ್ತಿದೆ ಅಂದಳು. ಕಾರಣ ಕೇಳಿದರೆ, “ಏನೂ ಇಲ್ಲ, ಸುಮ್ನೆ”.

ಅವಳು ಓದಿದ ಹೈಸ್ಕೂಲಿನಲ್ಲಿ ಬಿಳಿ ಮಕ್ಕಳೇ ಜಾಸ್ತಿ. ಇಲ್ಲಿಗೆ ಬಂದ ಮೊದಲ ವಾರ ಕ್ಲಾಸಿಗೆ ಕಾಲಿಟ್ಟಾಗ ಯಾರೂ ತಿರುಗಿ ನೋಡಲಿಲ್ಲವಂತೆ. ಆ ನೆಮ್ಮದಿಯನ್ನು ಹೇಳುವಾಗ ಅವಳ ಮುಖವೇ ಬೇರೆಯಾಗಿತ್ತು. ಆಮೇಲೆ ರೂಮಿನವರ ಮಾತುಗಳು ಕಿವಿಗೆ ಬೀಳತೊಡಗಿದವು. ಚಿಕ್ಕಂದಿನಲ್ಲಿ ನೀನು ‘ಜ್ಯಾಕ್ ಅಂಡ್ ಜಿಲ್’ನಲ್ಲಿದ್ದೆಯಾ? ಬೇಸಿಗೆಗೆ ಓಕ್ ಬ್ಲಫ್ಸ್‌ಗೆ ಹೋಗ್ತೀರಾ? ನಿನ್ನಮ್ಮ ಯಾವ ಸೊರಾರಿಟಿ? ಮೊದಲನೆಯದು 1938ರಲ್ಲಿ ಫಿಲಡೆಲ್ಫಿಯಾದಲ್ಲಿ ಕಪ್ಪು ತಾಯಂದಿರು ಮಕ್ಕಳಿಗಾಗಿ ಕಟ್ಟಿದ ಸಂಘ. ಎರಡನೆಯದು ಕಪ್ಪು ಕುಟುಂಬಗಳು ತಲೆಮಾರುಗಳಿಂದ ರಜೆ ಕಳೆಯುವ ಕಡಲೂರು. ಸೊರಾರಿಟಿ ಅಂದರೆ ಕಾಲೇಜು ಹೆಣ್ಣುಮಕ್ಕಳ ಸಂಘ. ಇವಳಿಗೆ ಮೊದಲಿನ ಎರಡೂ ಗೊತ್ತಿರಲಿಲ್ಲ. ತಾಯಿ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಸಹಾಯಕಿ. ಇವಳು ಬಾಯಿಗೆ ಬಂದಂತೆ, “ಆಸ್ಪತ್ರೆಯ ಆಡಳಿತದಲ್ಲಿದ್ದಾರೆ” ಅಂದುಬಿಟ್ಟಳು.

ಆ ಸುಳ್ಳನ್ನು ಉಳಿಸಿಕೊಳ್ಳಲು ದುಡ್ಡು ಬೇಕಾಯಿತು. ಹೋಮ್‌ಕಮಿಂಗ್ (ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಮರಳಿ ಬರುವ ಹಬ್ಬ) ವಾರದ ಬಟ್ಟೆ, ಟಿಕೆಟ್, ಬ್ರಂಚ್ ಎಲ್ಲವೂ ಕ್ರೆಡಿಟ್ ಕಾರ್ಡಿನ ಮೇಲೆ. ಅತ್ತ ಫೀಸು ಬಾಕಿ ಉಳಿದು, ಮುಂದಿನ ಸೆಮಿಸ್ಟರಿನ ನೋಂದಣಿಗೆ ತಡೆ ಬಿತ್ತು.

“ಬಿಳಿ ಹುಡುಗಿಯರಾಗಿದ್ರೆ ಅವರ ಲೋಕವೇ ಬೇರೆ ಅಂತ ಬಿಟ್ಟುಬಿಡ್ತಿದ್ದೆ. ಇವರು ನನ್ನ ಹಾಗೇ ಇದ್ದಾರೆ. ಹಾಗಾದ್ರೆ ನಮ್ಮ ಮನೆಯವರೇ ಏನೋ ತಪ್ಪು ಮಾಡಿರಬೇಕು, ಅಲ್ವಾ?”

ನಿದ್ದೆ ಕೆಡಿಸಿದ್ದು ಸಾಲಕ್ಕಿಂತ ಹೆಚ್ಚಾಗಿ ಈ ಪ್ರಶ್ನೆ. ಬಣ್ಣದ ಕಾರಣಕ್ಕೆ ಹೊರಗಿಟ್ಟರೆ ಸಿಟ್ಟು ಬರುತ್ತದೆ. ನಮ್ಮವರ ನಡುವೆಯೇ ಚಿಕ್ಕವರಾದರೆ ನಾಚಿಕೆಯಾಗುತ್ತದೆ, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗುವುದಿಲ್ಲ.

“ದುಡ್ಡು ಮುಖ್ಯವಲ್ಲ” ಅಂತ ನಾನು ಹೇಳಲಿಲ್ಲ. ಇಲ್ಲದವರಿಗೆ ಅದು ಮುಖ್ಯವೇ. ಮೊದಲು ಕಾರ್ಡ್ ಬಳಕೆ ನಿಲ್ಲಿಸಲು ಹೇಳಿದೆ. ತಾಯಿಯ ಕೆಲಸದ ಗಂಟೆಗಳು ಆ ವರ್ಷ ಕಡಿಮೆಯಾಗಿದ್ದವು. ಆದಾಯ ಇಳಿದರೆ ಹಣಕಾಸು ನೆರವಿನ ಕಚೇರಿ ಲೆಕ್ಕವನ್ನು ಮತ್ತೆ ನೋಡಬಹುದು; ಸಂಬಳದ ಚೀಟಿಗಳೊಂದಿಗೆ ಅಲ್ಲಿಗೆ ಕಳಿಸಿದೆ. ಬಾಕಿಯನ್ನು ಕಂತಿನಲ್ಲಿ ಕಟ್ಟಲು ಕೇಳುವಂತೆಯೂ ಹೇಳಿದೆ.

ಇನ್ನೊಂದು ವಿಷಯ ಅವಳಿಗೆ ಹೊಳೆದೇ ಇರಲಿಲ್ಲ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ (2024–25ರಲ್ಲಿ ಹೆಚ್ಚೆಂದರೆ 7,395 ಡಾಲರ್) ಅವಳಿಗೆ ಸಿಗುತ್ತಿತ್ತು. ಇಂಥ ಕಾಲೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ಪಡೆಯುತ್ತಾರೆ. ಅಂದರೆ ಬಹುಮತ ಅವಳದ್ದೇ! ಆದರೆ ಅವರ್ಯಾರೂ ಓಕ್ ಬ್ಲಫ್ಸ್ ಕಥೆ ಹೇಳುವುದಿಲ್ಲವಲ್ಲ, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ.

ಸೊರಾರಿಟಿ ಸೇರುವ ಆಸೆ ಅವಳಿಗೆ ನಿಜವಾಗಿಯೂ ಇತ್ತು. ಬೇಡ ಅನ್ನಲು ನಾನ್ಯಾರು? ಕಪ್ಪು ಹೆಣ್ಣುಮಕ್ಕಳ ಮೊದಲ ಸೊರಾರಿಟಿಯನ್ನು 1908ರಲ್ಲಿ ಇಂಥದ್ದೇ ಇನ್ನೊಂದು ವಿಶ್ವವಿದ್ಯಾಲಯವಾದ ಹೊವಾರ್ಡ್‌ನ ವಿದ್ಯಾರ್ಥಿನಿಯರೇ ಕಟ್ಟಿದ್ದು. ಒಟ್ಟು ಖರ್ಚು ಎಷ್ಟೆಂದು ಮೊದಲೇ ಕೇಳು, ಡಿಗ್ರಿ ಮುಗಿದ ಮೇಲೂ ಸೇರುವ ದಾರಿಯಿದೆ ಅಂದೆ.

ಸುಳ್ಳಿನ ವಿಷಯಕ್ಕೆ ಅವಳು ಎರಡು ದಾರಿ ಯೋಚಿಸಿದ್ದಳು: ರೂಮು ಬದಲಿಸುವುದು, ಇಲ್ಲವೇ ಎಲ್ಲರೆದುರು ಒಪ್ಪಿಕೊಳ್ಳುವುದು. ಎರಡೂ ಬೇಡ, ಒಬ್ಬಳಿಗೆ ಮಾತ್ರ ಹೇಳು ಅಂದೆ. ಕ್ಷಮೆ ಕೇಳದೆ “ಬ್ರಂಚ್‌ಗೆ ಬರಲ್ಲ, ದುಡ್ಡಿಲ್ಲ” ಅನ್ನುವುದನ್ನು ನನ್ನ ಕೋಣೆಯಲ್ಲೇ ಜೋರಾಗಿ ಹೇಳಿ ಅಭ್ಯಾಸ ಮಾಡಿದೆವು. ಮೊದಲ ಸಲ ನಗು ಬಂದು ಅರ್ಧಕ್ಕೇ ನಿಂತಿತು.

ನೋಂದಣಿಯ ತಡೆ ಹೋಯಿತು. ನಿಜ ಕೇಳಿದ ರೂಮಿನ ಹುಡುಗಿ “ಓಹ್” ಅಂದಳು, ಮುಂದಿನ ಬ್ರಂಚ್‌ಗೆ ಕರೆಯಲಿಲ್ಲ. ಗ್ರಂಥಾಲಯದ ಕೌಂಟರಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿ ಮಾತ್ರ ತನ್ನ ಬಾಕಿಯ ಮೊತ್ತವನ್ನೂ ಹೇಳಿಕೊಂಡಳಂತೆ. ಈಗ ನಿದ್ದೆ ಪರವಾಗಿಲ್ಲ. ಆದರೆ ತಾಯಿ ಕ್ಯಾಂಪಸ್ಸಿಗೆ ಬರುತ್ತೇನೆ ಅಂದಾಗಲೆಲ್ಲ ಅವಳು ನೆಪ ಹೇಳಿ ತಪ್ಪಿಸಿದ್ದಳು. ಅದನ್ನು ತಾಯಿಗೆ ಹೇಳಬೇಕೇ ಬೇಡವೇ ಅನ್ನುವುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.