ಅಟ್ಟದ ಗೋಡೆ ಬೆಚ್ಚಗಿರಲಿ, ತೇವ ಬೇಡ

ಪ್ರಶ್ನೆ: ಇಂಗ್ಲೆಂಡಿನಲ್ಲಿ ನಾವು ಕೊಂಡಿರುವ ವಿಕ್ಟೋರಿಯಾ ಕಾಲದ ಮನೆಯ ಅಟ್ಟವನ್ನು ಕೋಣೆಯಾಗಿಸುತ್ತಿದ್ದೇವೆ. ಅದರ 9 ಅಂಗುಲದ ಇಟ್ಟಿಗೆ ಗೋಡೆಗೆ ಒಳಗಿನಿಂದ ಶಾಖನಿರೋಧಕ ಹೊದಿಸಿದರೆ ತೇವ ಹಿಡಿಯುವುದೇ?

ಉತ್ತರ: ಅಜಾಗರೂಕರಾದರೆ ಖಂಡಿತ ಹಿಡಿಯುತ್ತದೆ. ಒಳಗೆ ಹೊದಿಕೆ ಬಂದೊಡನೆ ಇಟ್ಟಿಗೆ ಮೊದಲಿಗಿಂತ ತಣ್ಣಗಾಗುವುದರಿಂದ, ಕೋಣೆಯ ತೇವಭರಿತ ಗಾಳಿ ಸಂದುಗಳಲ್ಲಿ ನುಸುಳಿ ಅದನ್ನು ಮುಟ್ಟಿದರೆ, ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆ ಹೊದಿಕೆಯ ಹಿಂದೆ ಹನಿಗಟ್ಟುತ್ತದೆ. ಮೊದಲು ಮಳೆನೀರು ಒಳಬರುವುದನ್ನು ನಿಲ್ಲಿಸಿ. ಚಿಮಣಿಯ ಬುಡದ ಸೀಸದ ತಗಡನ್ನು ಪರೀಕ್ಷಿಸಿ, ಉದುರಿದ ಸಂದುಗಳಿಗೆ ಸಿಮೆಂಟಿನ ಬದಲು ಸುಣ್ಣದ ಗಾರೆಯನ್ನೇ ತುಂಬಿಸಿ. ಗೋಡೆ ಒಣಗಿದ ಮೇಲೆ, ಸುಮಾರು 40ರಿಂದ 60 ಮಿ.ಮೀ. ದಪ್ಪದ ಮರದ ನಾರಿನ ಹಲಗೆಯನ್ನು ಹಿಂದೆ ಪೊಳ್ಳು ಉಳಿಯದಂತೆ ಸುಣ್ಣದ ಗಾರೆಗೆ ಒತ್ತಿ ಕೂರಿಸಿ, ಮೇಲೆ ಸುಣ್ಣದ ಗಿಲಾವು ಮಾಡಿಸಿ. ಚಳಿಗಾಲದಲ್ಲಿ ಒದ್ದೆ ಬಟ್ಟೆಯನ್ನು ಕೋಣೆಯೊಳಗೇ ಹರವುವ ಅಭ್ಯಾಸವಿದ್ದರೆ, ಗಾಳಿ ಹೊರಹಾಕುವ ಫ್ಯಾನ್ ಸಹ ಬೇಕು.