120 ವರ್ಷ ಬದುಕೋದು ಯಾರಿಗೆ ಬೇಡ?

ಆಯಸ್ಸು ಹೆಚ್ಚಿಸುವ ಚಿಕಿತ್ಸೆ ಬಂದರೆ ಎಲ್ಲರೂ ಮುಗಿಬೀಳುತ್ತಾರೆ ಅಲ್ವಾ, ಮತ್ತೆ ಅದರ ಮಾತೆತ್ತಿದರೆ ಜನ ಮೂಗು ಮುರಿಯುವುದು ಯಾಕೆ ಎಂದು ಕೇಳಿದ್ದೀರಿ. ಮುಗಿಬೀಳುತ್ತಾರೆ ಅನ್ನುವುದೇ ಅನುಮಾನ. 2013ರಲ್ಲಿ ಪ್ಯೂ ರಿಸರ್ಚ್ ಸಂಸ್ಥೆ ಅಮೆರಿಕದ ಜನರನ್ನು ಇದೇ ಕೇಳಿತ್ತು: ಮುಪ್ಪನ್ನು ನಿಧಾನ ಮಾಡಿ 120 ವರ್ಷವಾದರೂ ಬದುಕಿಸುವ ಚಿಕಿತ್ಸೆ ನಿಮಗೆ ಬೇಕಾ? ಶೇ. 56ರಷ್ಟು ಜನ ಬೇಡ ಎಂದರು. ಬೇಕು ಎಂದವರು ಶೇ. 38. ತಮಾಷೆ ಏನಂದರೆ, ಬೇರೆಯವರು ಒಪ್ಪುತ್ತಾರಾ ಎಂದಾಗ ಶೇ. 68ರಷ್ಟು ಜನ ಹೌದು ಎಂದರು! ನನಗೆ ಆಸೆಯಿಲ್ಲ, ಪಕ್ಕದವರಿಗೆ ಜಾಸ್ತಿ ಅನ್ನುವ ಲೆಕ್ಕ.

ನನಗನ್ನಿಸುವುದು, ಜನ ಹೆದರುವುದು ವರ್ಷಗಳಿಗಲ್ಲ, ಹಾಸಿಗೆ ಹಿಡಿದ ವರ್ಷಗಳಿಗೆ. ಸಾವಿಲ್ಲ ಅಂದ ತಕ್ಷಣ ಮಾಯದ ಗಾಯ ಹೊತ್ತು ಅಲೆಯುವ ಅಶ್ವತ್ಥಾಮ ನೆನಪಾಗುತ್ತಾನೆ. ಆದರೆ ಈ ಕ್ಷೇತ್ರದ ಬಹಳಷ್ಟು ವಿಜ್ಞಾನಿಗಳು ಹುಡುಕುತ್ತಿರುವುದು ಆರೋಗ್ಯವಾಗಿರುವ ವರ್ಷಗಳನ್ನು. "80ರಲ್ಲೂ 50ರ ಮೈಕಟ್ಟು ಬೇಕಾ?" ಎಂದು ಕೇಳಿದ್ದರೆ ಉತ್ತರ ಬೇರೆಯೇ ಬರುತ್ತಿತ್ತೇನೋ.

ಇನ್ನೊಂದು, ಅದೇ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಇಬ್ಬರು ಈ ಚಿಕಿತ್ಸೆ ದುಡ್ಡಿದ್ದವರಿಗೆ ಮಾತ್ರ ಸಿಗುತ್ತದೆ ಎಂದಿದ್ದರು. ಅದನ್ನು ಸುಮ್ನೆ ತಳ್ಳಿಹಾಕಲು ನನಗೂ ಆಗುತ್ತಿಲ್ಲ.